ಮುಪ್ಪಿಗೆ ಮುಯ್ಯಾಳಿಲ್ಲ

ಮನೆಗೆ ಹೊರಗಿನವರು ಬರುತ್ತಾರೆಂದರೆ ಹರಿದ ಕೌದಿಯನ್ನು ಒಳಗೆ ಸರಿಸಿ, ಟ್ರಂಕಿನಲ್ಲಿದ್ದ ಜಮಖಾನೆ ತೆಗೆದು ಹಾಸುವುದು ನಮ್ಮೆಲ್ಲರ ಚಾಳಿ. ಅದರಲ್ಲಿ ತಪ್ಪೇನಿಲ್ಲ ಬಿಡಿ. ಆದರೆ ಕಕ್ಕೇರಾ ಕಡೆಯ ಒಂದು ದೊಡ್ಡಿಯಲ್ಲಿ, ಅಂದರೆ ಹೊಲಗಳ ನಡುವಿನ ಸಣ್ಣ ಹಳ್ಳಿಯಲ್ಲಿ, ಹಂಪಣ್ಣ ಎಂಬ ಪುಣ್ಯಾತ್ಮ ಕೌದಿಯ ಜೊತೆಗೆ ಹೆತ್ತವ್ವನನ್ನೂ ಒಳಗೆ ಸರಿಸಿಬಿಟ್ಟ. ಆ ಸುದ್ದಿಯನ್ನೇ ಈಗ ನಿಮಗೆ ಹೇಳಬೇಕು.

ಹಂಪಣ್ಣನ ಅವ್ವ ಕಲ್ಯಾಣಮ್ಮ ಎಪ್ಪತ್ತು ದಾಟಿದವಳು. ಕೆಲವು ವರ್ಷಗಳ ಹಿಂದೆ ಶಹಾಪುರದಿಂದ ಪರಿಮಳಾ ಎಂಬ ಹೆಣ್ಣುಮಗಳು ಅವರ ಮನೆಗೆ ಬಂದಿದ್ದಳು. ವಯಸ್ಸಾದವರ ಆರೋಗ್ಯ ಹೇಗಿದೆ ಎಂದು ತಿಳಿಯುವ ಒಂದು ಅಧ್ಯಯನ ಅದು. ಚೀಟಿ ಎತ್ತಿದಾಗ ದೊಡ್ಡಿಯ ಮನೆಗಳಲ್ಲಿ ಕಲ್ಯಾಣಮ್ಮನ ಮನೆಯೂ ಬಂದಿತ್ತು. ಒಮ್ಮೆ ಕೇಳಿ ಹೋಗುವ ಕೆಲಸವಲ್ಲ. ಅದೇ ಮುದುಕರನ್ನು ಕೆಲವು ವರ್ಷಕ್ಕೊಮ್ಮೆ ಮತ್ತೆ ಬಂದು ನೋಡುತ್ತಾರೆ. ವಯಸ್ಸು ಏರಿದ ಹಾಗೆ ಕಣ್ಣು, ಕಾಲು, ನೆನಪು ಏನಾಗುತ್ತವೆ ಎಂದು ಅಳೆಯುತ್ತಾರೆ.

ಆ ಸಲ ಕಲ್ಯಾಣಮ್ಮ ಗಟ್ಟಿಯಾಗಿದ್ದಳು. ಕೈಯ ಬಲ ನೋಡುವ ಯಂತ್ರವನ್ನು ಕೊಟ್ಟರೆ ರೊಟ್ಟಿ ಹಿಟ್ಟು ನಾದಿದಂತೆ ಹಿಚುಕಿ, "ಮುರದ್ರ ನನ್ನ ಬೈಬ್ಯಾಡವ್ವ" ಅಂದಿದ್ದಳು. ಪಡಸಾಲೆ ತುಂಬ ನಗು. ದೊಡ್ಡಿಯವರು ಬಹಳ ದಿನ ಅದನ್ನೇ ಹೇಳಿಕೊಂಡು ತಿರುಗಿದರು.

ಈಗ ಆ ಕಲ್ಯಾಣಮ್ಮ ಇಲ್ಲ. ಹೋದ ಮಳೆಗಾಲ ಬಚ್ಚಲಲ್ಲಿ ಜಾರಿ ಬಿದ್ದಳು. ಎಲುಬು ಮುರಿಯಲಿಲ್ಲ, ಧೈರ್ಯ ಮುರಿಯಿತು. ಗೋಡೆ ಹಿಡಿದು ನಡೆಯುತ್ತಾಳೆ. ಒಂದು ಕಣ್ಣಿಗೆ ಮಬ್ಬು ಕವಿದಿದೆ. ಮಗ, ಸೊಸೆ ಹೊಲಕ್ಕೆ ಹೋದರೆ ಒಳಮನೆಯ ಹಗ್ಗದ ಮಂಚ, ಆ ಹೊರಸೇ ಅವಳ ಊರು, ಕೇರಿ ಎಲ್ಲ. ಇನ್ನೊಂದು ಸಂಗತಿ ಅವಳಿಗೆ ಮಾತ್ರ ಗೊತ್ತು. ಬಚ್ಚಲಿಗೆ ಹೋಗುವ ಅಂಜಿಕೆಗೆ ಅವಳು ನೀರು ಕುಡಿಯುವುದನ್ನೇ ಬಿಡುತ್ತ ಬಂದಿದ್ದಳು. ಗಂಟಲು ಒಣಗಿದರೆ ಒಂದು ಗುಟುಕು ಬಾಯಿಗೆ ಹಾಕಿ ಸುಮ್ಮನಾಗುವಳು.

ಒಂದು ದಿನ ಪರಿಮಳಾಳ ಫೋನು ಬಂತು. ನಾಳೆ ಬರುತ್ತೇನೆ, ಅವ್ವನನ್ನು ನೋಡಬೇಕು ಅಂದಳು. ಹಂಪಣ್ಣ ಫೋನಿಟ್ಟು ಹೆಂಡತಿಯನ್ನು ಕರೆದ.

"ಅತ್ತಿನ್ನ ಹ್ಯಾಂಗ ತೋರಸ್ತೀರಿ?" ಅಂದಳು ಹೆಂಡತಿ ಮಲ್ಲೇಶ್ವರಿ. "ಆವಾಗ ಹ್ಯಾಂಗಿದ್ರು, ಈಗ ಹ್ಯಾಂಗ ಅದಾರ. ಸೊಸಿ ಕೂಳು ಹಾಕಂಗಿಲ್ಲ ಅಂತ ತಿಳ್ಕೋತಾರ."

"ಅದಕ್ಕೇನು, ಬಾಜೂ ಮನಿ ಹಜರಾಬೀ ಚಿಗವ್ವನ್ನ ಕೂಡಸೂಣು," ಅಂದ ಹಂಪಣ್ಣ. "ಆಕಿದೂ ಅವ್ವನ ವಯಸ್ಸೇ. ಮೆಣಸಿನಕಾಯಿ ಬಿಡಸೂ ಮುಂದ ಅವ್ವನ ಬದಲಿ ಆಕಿ, ಆಕಿ ಬದಲಿ ಅವ್ವ ಹೊಲಕ್ಕ ಹೋಗಿಲ್ಲೇನು? ಇದೂ ಹಂಗ ಅಂತ ತಿಳಿ."

ನಿಮ್ಮ ಹೊಲಕ್ಕೆ ನಾವು, ನಮ್ಮ ಹೊಲಕ್ಕೆ ನೀವು ಎಂದು ಆಳಿಗೆ ಆಳು ಹೋಗುವ ಮುಯ್ಯಿಯಲ್ಲಿ ಈ ಎರಡು ಮನೆಗಳದು ಹಳೆಯ ನಂಟು. ಹಾಗಾಗಿ ಹಂಪಣ್ಣನಿಗೆ ಇದು ಸುಳ್ಳು ಅನ್ನಿಸಲೇ ಇಲ್ಲ. ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರು ಹೋಗುವುದು, ಅಷ್ಟೇ. ಗೋಡೆಯಾಚೆ ಹೊರಸಿನ ಮೇಲಿದ್ದ ಕಲ್ಯಾಣಮ್ಮನಿಗೆ ಎಲ್ಲ ಕೇಳಿಸಿತು. ಕಣ್ಣು ಮಬ್ಬಾಗಿರಬಹುದು, ಕಿವಿ ಇನ್ನೂ ಚುರುಕು. ಮಗ ಬಂದು ಕೇಳಿದಾಗ, "ಹಂಗೇ ಮಾಡಪ್ಪ, ನನ್ನ ನೋಡಿ ಏನು ಮಾಡ್ತಾರ," ಅಂದಳು. ಬಾಯಿ ಹಾಗಂದಿತು. ಜೀವ ಮಾತ್ರ ಚುರ್ ಅಂದಿತು. ಇದ್ದೂ ಇಲ್ಲದವಳಾದೆನಲ್ಲ ಎಂದು ಗೋಡೆಯ ಕಡೆ ಹೊರಳಿ ಮಲಗಿದಳು.

ಮರುದಿನ ಪರಿಮಳಾ ಬಂದಾಗ ಜಮಖಾನೆಯ ಮೇಲೆ ಹಜರಾಬೀ ಮೈಯೆಲ್ಲ ಸೆರಗು ಹೊದ್ದು ಕೂತಿದ್ದಳು. ಬಂಡೆಗಲ್ಲಿನಂಥ ಹೆಂಗಸು. ಈಗಲೂ ಕಾಲುವೆ ಬದಿಯ ಹೊಲಕ್ಕೆ ನಡೆದೇ ಹೋಗಿ ಬರುತ್ತಾಳೆ.

"ಕಲ್ಯಾಣಮ್ಮಾರು ಎಲ್ಲಿರಿ?" ಅಂತ ಕೇಳಿದಳು ಪರಿಮಳಾ.

"ಅವ್ವ ವಡಗೇರಾಕ್ಕ ಹೋಗ್ಯಾಳ್ರಿ, ಅಕ್ಕನ ಮನಿಗೆ," ಅಂದ ಹಂಪಣ್ಣ. "ಅದಕ ಈ ಚಿಗವ್ವನ್ನ ಕರಕೊಂಡು ಬಂದೀವ್ರಿ. ಬರೋಬ್ಬರಿ ಅವ್ವನ ವಯಸ್ಸೇ. ನೀವು ಏನು ಬೇಕಾದ್ದು ಕೇಳ್ರಿ."

ಹಜರಾಬೀ ಕೇಳುವ ಮೊದಲೇ ಎದ್ದಳು, ಕೂತಳು, ಮತ್ತೆ ಎದ್ದಳು. "ನೋಡವ್ವ, ಮಣಕಾಲಿಗೆ ಕೈ ಹಚ್ಚಿಲ್ಲ. ಬರ್ಕೋ," ಅಂದಳು.

ಪರಿಮಳಾ ನಕ್ಕಳು. ಆದರೆ ಚೀಲದಿಂದ ಏನೂ ಹೊರಗೆ ತೆಗೆಯಲಿಲ್ಲ. "ಚಿಗವ್ವಾ, ನೀವು ಗಟ್ಟಿ ಅದೀರಿ, ಹಿಂಗೇ ಇರ್ರಿ. ಆದ್ರ ನನಗ ಕಲ್ಯಾಣಮ್ಮಾರೇ ಬೇಕು. ಅವರು ಬರೂತನ ಕಾಯ್ತೀನಿ, ಬೇಕಾದ್ರ ವಡಗೇರಾಕ್ಕೇ ಹೋಗ್ತೀನಿ."

"ಯಾಕ್ರೀ? ಮುದುಕ್ಯಾರು ಎಲ್ಲಾ ಒಂದ ಅಲ್ಲೇನ್ರಿ?" ಹಂಪಣ್ಣನಿಗೆ ಸಿಟ್ಟೂ ಬಂತು, ಅಂಜಿಕೆಯೂ ಬಂತು.

ಪರಿಮಳಾ ಹೇಳಿದಳು. "ಅಣ್ಣಾ, ಈ ಸಲ ಭಾಳ ಮನ್ಯಾಗ ಹಿಂಗೇ ಆಗೇತಿ. ಗಟ್ಟಿ ಇದ್ದವ್ರು ಮುಂದ ಬಂದು ಕೂಡ್ತಾರ. ಕೈಕಾಲು ಸೋತವ್ರು ಊರಿಗೆ ಹೋಗ್ಯಾರ ಅಂತಾರ. ನಾನೂ ಹೂಂ ಅಂತ ಬರ್ಕೊಂಡು ಹೋದ್ನಿ ಅಂದ್ರ ಕಾಗದದಾಗ ಏನು ಕಾಣ್ತದ ಹೇಳ್ರಿ? ಸುರಪುರ ಸೀಮಿ ಮುದುಕರಿಗೆ ವಯಸ್ಸಾದಂಗ ಶಕ್ತಿ ಹೆಚ್ಚಾಗ್ತದ ಅಂತ ಕಾಣ್ತದ. ಅಂಥವ್ರಿಗೆ ಮನಿಗೆ ಬರೂ ನರ್ಸ್ ಯಾಕ, ಕಣ್ಣಿನ ದವಾಖಾನಿ ಯಾಕ ಅಂತ ಯಾರಾದ್ರೂ ಅಂದ್ರ ನಾನೇನು ಜವಾಬು ಕೊಡ್ಲಿ?"

ಒಳಮನೆಯಲ್ಲಿ ಕಲ್ಯಾಣಮ್ಮ ಮಲಗಿದಲ್ಲೇ ಕಣ್ಣು ಬಿಟ್ಟಳು. ಸುಮ್ಮನಿದ್ದರೆ ಮಗನ ಮಾನ ಉಳಿಯುತ್ತದೆ. ಈ ಹುಡುಗಿ ವಡಗೇರಾ ತನಕ ಬಿಸಿಲಲ್ಲಿ ಸುಮ್ಮನೆ ಹೋಗಿ ಬರುತ್ತಾಳೆ. ಆಮೇಲೆ ಯಾರೂ ತನ್ನನ್ನು ಕೇಳಿಕೊಂಡು ಬರುವುದಿಲ್ಲ. ಇಲ್ಲೇ ಉಸಿರಾಡುತ್ತಿದ್ದರೂ ತಾನು ಇಲ್ಲವೆಂದೇ ಲೆಕ್ಕ. ಅದನ್ನು ಅವಳಿಂದ ತಡೆಯಲಾಗಲಿಲ್ಲ.

"ನಾ ವಡಗೇರಾಕ್ಕ ಹೋಗಿಲ್ಲವ್ವ," ಅಂತ ಒಳಗಿಂದ ದನಿ ಬಂತು. "ಇಲ್ಲೇ ಅದೀನಿ. ಒಳಗ ಬಾ."

ಹಂಪಣ್ಣನ ಮುಖ ಸಣ್ಣದಾಯಿತು. ಹಜರಾಬೀ ಎಲ್ಲರಿಗಿಂತ ಮೊದಲು ಎದ್ದು ಒಳಗೆ ಹೋಗಿ ಗೆಳತಿಯ ಕಾಲಬುಡದಲ್ಲಿ ಕೂತಳು. "ನಾ ಬ್ಯಾಡ ಅಂದಿದ್ನಿ ಕಲ್ಯಾಣಕ್ಕ. ನಿನ್ನ ಮಗ ಕೇಳಬೇಕಲ್ಲ," ಅಂದಳು. ನಿಜ ಹೇಳಬೇಕೆಂದರೆ ಅವಳು ಬೇಡ ಅಂದೇ ಇರಲಿಲ್ಲ.

ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ ಮಗನನ್ನು ಕಲ್ಯಾಣಮ್ಮ ಕರೆದಳು. "ಹಂಪಣ್ಣ, ಮೆಣಸಿನಕಾಯಿ ತಗೊಂಡು ಹೋದಾಗ ಆ ವ್ಯಾಪಾರಿ ಚೀಲದ ತಳಕ್ಕ ಯಾಕ ಕೈ ಹಾಕ್ತಾನ?"

"ಚೀಲದ ಬಾಯಾಗಷ್ಟ ಕೆಂಪನ್ನವು ಇಟ್ಟಿರ್ತಾರ ಅಂತ."

"ಮತ್ತ ನಾ ತಳದಾಗಿನ ಕಾಯಿ. ನನ್ನೂ ನೋಡ್ಲಿ ಬಿಡು."

ಹಂಪಣ್ಣನ ಕಣ್ಣು ತುಂಬಿದವು. "ನಿನ್ನ ಮುಚ್ಚಿಡಬೇಕಂತ ಅಲ್ಲವ್ವ. ನಾ ನಿನ್ನ ಚಲೋ ನೋಡ್ಕೊಂಡಿಲ್ಲ ಅಂತಾರೇನೋ ಅಂತ..." ಅಂದ.

"ಯಾರೂ ಹಂಗ ಅನ್ನಂಗಿಲ್ಲಣ್ಣ," ಅಂದಳು ಪರಿಮಳಾ. "ಮುಪ್ಪು ಯಾರ ತಪ್ಪೂ ಅಲ್ಲ. ಅವ್ವಾರು ಅಂದದ್ದು ಖರೇ. ಅಷ್ಟೇ ಅಲ್ಲ, ಬರೇ ತಳದ್ದು ನೋಡಿದ್ರೂ ತಪ್ಪಾಗ್ತದ. ಮ್ಯಾಲಿಂದು, ನಡುವಿಂದು, ತಳದ್ದು ಎಲ್ಲಾ ಸಿಗಬೇಕು. ನನಗ ಬೇಕಾದವ್ರನ್ನ ನಾ ಆರಿಸಬಾರ್ದು, ನಿಮಗ ಬೇಕಾದವ್ರನ್ನ ನೀವು ಕೊಡಬಾರ್ದು. ಅದಕ್ಕೇ ಚೀಟಿ ಎತ್ತೋದು. ಚಿಗವ್ವನಂಥವ್ರೂ ಬ್ಯಾರೆ ಮನ್ಯಾಗ ಚೀಟಿಗೆ ಬಂದಾರ. ನಡುವ ತೀರಿಕೊಂಡವ್ರ ಮನಿಗೂ ಹೋಗಿ ಏನಾಗಿತ್ತು ಅಂತ ಕೇಳ್ತೀವಿ. ಮುಯ್ಯಾಳು ಹೊಲಕ್ಕ ನಡೀತದ, ಮುಪ್ಪಿಗೆ ನಡೆಯಂಗಿಲ್ಲ."

ಮಲ್ಲೇಶ್ವರಿ ಸುಲಭಕ್ಕೆ ಬಿಡುವವಳಲ್ಲ. "ಇದರಿಂದ ಅತ್ತಿಯವ್ರಿಗೆ ಏನು ಬರ್ತದ್ರಿ?" ಅಂತ ಕೇಳಿಯೇ ಬಿಟ್ಟಳು.

"ನಾ ಡಾಕ್ಟರ್ ಅಲ್ಲವ್ವ, ಗುಳಿಗಿ ಕೊಡಂಗಿಲ್ಲ. ಸುಳ್ಳು ಆಸೆ ಹಚ್ಚಂಗೂ ಇಲ್ಲ. ಅವ್ವಾರಿಗೆ ಬ್ಯಾಡ ಅನಿಸಿದ್ರ ಬ್ಯಾಡ ಅನ್ನಬಹುದು. ಯಾವ ಪ್ರಶ್ನಿಗೂ ಜವಾಬು ಕೊಡದ ಬಿಡಬಹುದು. ಅವರು ಹೇಳಿದ್ದು ಅವರ ಹೆಸರಿನ್ಯಾಗ ಹೊರಗ ಹೋಗಂಗಿಲ್ಲ."

"ಕೇಳವ್ವ, ನಾ ಹೇಳ್ತೀನಿ," ಅಂದಳು ಕಲ್ಯಾಣಮ್ಮ.

ಪರಿಮಳಾ ಹೊರಸಿನ ಪಕ್ಕ ನೆಲದ ಮೇಲೆ ಕೂತು ಯಂತ್ರ ಕೈಗೆ ಕೊಟ್ಟಳು. ಕಲ್ಯಾಣಮ್ಮ ಹಿಚುಕಿದಳು. ಮುಳ್ಳು ಸ್ವಲ್ಪವೇ ಸರಿಯಿತು. "ಇಷ್ಟೇ ಬಂತಲ್ಲ," ಅಂದಳು ಸಣ್ಣ ದನಿಯಲ್ಲಿ. "ಬಂದಷ್ಟೇ ಬೇಕ್ರಿ," ಅಂದಳು ಪರಿಮಳಾ. ಆ ಮಾತಿಗೆ ಕಲ್ಯಾಣಮ್ಮನ ಎದೆಯ ಮೇಲಿನ ಕಲ್ಲೊಂದು ಇಳಿಯಿತು.

ಆಮೇಲೆ ಪರಿಮಳಾ ಮನೆಯವರನ್ನೆಲ್ಲ ಹೊರಗೆ ಕಳಿಸಿ ಒಬ್ಬಳೇ ಕೂತು ಕೇಳಿದಳು. ಬಚ್ಚಲಿಗೆ ಹೋಗಲು ಯಾರಾದರೂ ಬೇಕೇ? ಬೀಳುವ ಅಂಜಿಕೆ ಇದೆಯೇ? ಆ ಅಂಜಿಕೆಗೆ ಏನಾದರೂ ಬಿಟ್ಟಿದ್ದೀರಾ? ಇಷ್ಟು ದಿನ ಯಾರೂ ಕೇಳದ ಮಾತು. ಕಲ್ಯಾಣಮ್ಮ ತಡೆತಡೆದು ನೀರಿನ ಸಂಗತಿ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು. ಅತ್ತ ಮೇಲೆ ಹಗುರಾಯಿತು.

"ಇದನ್ನ ನಾ ಯಾರಿಗೂ ಹೇಳಂಗಿಲ್ಲ," ಅಂದಳು ಪರಿಮಳಾ. "ನೀವು ಮಗಗ ಹೇಳ್ರಿ. ಕಣ್ಣು ಸರಕಾರಿ ದವಾಖಾನ್ಯಾಗ ತೋರಸ್ರಿ. ಮೋತಿಬಿಂದು, ಅಂದ್ರ ಕಣ್ಣಿನ ಪೊರಿ, ಇದ್ರ ಅದಕ್ಕ ಉಪಾಯ ಐತಿ."

ಮಗನಿಗೆ ಕಲ್ಯಾಣಮ್ಮನೇ ಹೇಳಿದಳು. ಮಾತು ಮುಗಿಯುವ ಮೊದಲೇ ಹಂಪಣ್ಣ ಹಿತ್ತಲಿಗೆ ಹೋಗಿ ಹಳೆಯ ಬೋರ್‌ವೆಲ್ಲಿನ ಕಬ್ಬಿಣದ ಪೈಪು ಎಳೆದು ತಂದ. ಸಂಜೆಗೆ ಬಚ್ಚಲ ಗೋಡೆಗೆ ಹಿಡಿಕೆ ಕೂತಿತ್ತು. ಸಿಮೆಂಟು ಒಣಗುವ ತನಕ ಅತ್ತೆಯ ಕೈ ಹಿಡಿಯಲು ಮಲ್ಲೇಶ್ವರಿ ಇದ್ದಳು. ಆ ವಾರವೇ ಕಣ್ಣು ತೋರಿಸಿದರು. ಮೋತಿಬಿಂದುವೇ, ತೆಗೆದರೆ ಕಾಣುತ್ತದೆ ಅಂದರು ಡಾಕ್ಟರು.

ಹಿಡಿಕೆ ಗಟ್ಟಿಯಾದ ದಿನ ಕಲ್ಯಾಣಮ್ಮ ಅದನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿದಳು. ಅಲುಗಲಿಲ್ಲ. ಬಂದು ಹೊರಸಿನ ಮೇಲೆ ಕೂತು, "ಮಲ್ಲೇಶ್ವರಿ, ಒಂದು ಚರಗಿ ನೀರು ತಾರವ್ವ," ಅಂದಳು. ಗಟಗಟ ಪೂರಾ ಕುಡಿದು ಖಾಲಿ ಚರಗಿ ಸೊಸೆಯ ಕೈಗಿಟ್ಟಳು.

ಓದುವ ಅಕ್ಕ, ಕೇಳುವ ಅಣ್ಣ, ನಿಮ್ಮ ಮನೆಯಲ್ಲೂ ಇಂಥ ಒಂದು ಹೊರಸು ಇದ್ದೀತು. ಹಿರಿಯರ ಆರೋಗ್ಯ ಕೇಳಲು ಯಾರಾದರೂ ಬಂದರೆ ಮೊದಲು ಅವರ ಗುರುತಿನ ಕಾರ್ಡು ನೋಡಿ. ಬ್ಯಾಂಕಿನ ನಂಬರು, ಓಟಿಪಿ ಕೇಳಿದರೆ ಬಾಗಿಲಲ್ಲೇ ಕಳಿಸಿ. ಖರೆ ಅಧ್ಯಯನದವರಾದರೆ, ಹಿರಿಯರು ಒಪ್ಪಿದರೆ, ಚೀಟಿಗೆ ಬಂದವರನ್ನೇ ಇದ್ದ ಹಾಗೆ ತೋರಿಸಿ. ಹಾಗೆಯೇ ಪೇಪರಿನಲ್ಲೋ ಫೋನಿನಲ್ಲೋ "ನಮ್ಮ ಮುದುಕರು ಹೀಗಿದ್ದಾರೆ" ಎಂಬ ಸುದ್ದಿ ಬಂದರೆ ಒಪ್ಪುವ ಮುನ್ನ ಕೇಳಿ: ಯಾರನ್ನು ಕೇಳಿದರು, ಹೇಗೆ ಆರಿಸಿದರು? ಹೊರಸು ಬಿಟ್ಟು ಏಳಲಾರದವರ ತನಕ ಹೋದರೇ? ಮೊದಲ ಸಲ ಇದ್ದು ಈ ಸಲ ಕಾಣದವರು ಏನಾದರು? ಇದಕ್ಕೆ ಉತ್ತರವಿಲ್ಲದ ಸುದ್ದಿ ಬರೀ ಚೀಲದ ಬಾಯಿ ನೋಡಿ ಹೇಳಿದ್ದು.

ಅಧ್ಯಯನದವರು ಬರಲಿ, ಬಿಡಲಿ. ಇವತ್ತು ನಿಮ್ಮ ಅವ್ವನ ಪಕ್ಕ ಕೂತು ಒಂದು ಮಾತು ನೀವೇ ಕೇಳಿ: "ಯವ್ವಾ, ನೀರು ಕುಡದಿಯೇನು?"