ಎರಡು ಬೆರಳಿನ ತಪ್ಪು

ಬೇಸಿಗೆ ಇಳಿಯುತ್ತಿದ್ದ ಕಾಲ, ಮಧ್ಯಾಹ್ನ ಮೂರು ಗಂಟೆ. ಕಟಿಂಗ್ ಶಾಪಿಗೆ ನೊಣವೂ ಬಾರದ ಆ ಹೊತ್ತಿನಲ್ಲಿ ಕ್ಷೌರಿಕನಿಗೆ ಒಂದು ಹುಚ್ಚು ಹತ್ತಿತು. ಮೂವತ್ತು ವರ್ಷ ಊರವರ ಗೋಳೆಲ್ಲ ಕೇಳಿದ್ದೇನೆ, ಅದನ್ನೇ ಓದಿ, ಲೈಸೆನ್ಸ್ ತೆಗೆದುಕೊಂಡು, ಆಪ್ತಸಮಾಲೋಚಕ ಆದರೇನು ಅಂತ. ವಯಸ್ಸು ಐವತ್ತೆರಡು. ಅಂಚೆ ಪಾಠದಲ್ಲಿ ಹೇಗೋ ಬಿ.ಎ. ದಾಟಿದ್ದ, ಎಂ.ಎ.ಗೆ ಸೇರಿಯೇಬಿಟ್ಟ.

"ಮದುವೆ ಆದಾಗಿಂದ ನನ್ನ ಒಂದು ಮಾತು ಕಿವಿಗೆ ಹಾಕ್ಕೊಂಡಿಲ್ಲ. ಈಗ ಕೇಳಿಸ್ಕೊಳ್ಳೋದಕ್ಕೆ ಡಿಗ್ರಿ ಮಾಡ್ತಾರಂತೆ!" ಅಂದಳು ಹೆಂಡತಿ. ಅದನ್ನೂ ಅವನು ಅರ್ಧವೇ ಕೇಳಿಸಿಕೊಂಡ.

ತರಗತಿಯ ಹುಡುಗಿಯರು "ತಾತ" ಅನ್ನುತ್ತಿದ್ದರು. ಪರೀಕ್ಷೆಗಳೇನೋ ಮುಗಿದವು. ಆನೆ ದಾಟಿತು, ಬಾಲ ಸಿಕ್ಕಿಕೊಂಡಿತು. ಲೈಸೆನ್ಸಿಗೆ ನೂರು ಗಂಟೆ ಜನರ ಕಷ್ಟ ಕೇಳಬೇಕು; ಕೊನೆಯ ಗಂಟೆಯ ಮಾತನ್ನು ರೆಕಾರ್ಡ್ ಮಾಡಿ, ಒಂದು ವರದಿಯ ಜೊತೆ ಗೈಡ್ ಮೇಡಂಗೆ ಕೊಡಬೇಕು, ಅವರು ಒಪ್ಪಿ ಸಹಿ ಹಾಕಬೇಕು. ಬುದ್ಧಿ ಹೇಳಕೂಡದು, ಮೈ ಮುಟ್ಟಕೂಡದು. ಮೇಡಂಗೆ ಅವನ ಮಗಳ ವಯಸ್ಸು.

ತೊಂಬತ್ತೊಂಬತ್ತು ಗಂಟೆ ಹೇಗೋ ಆಯಿತು. ಕೊನೆಯ ಗಂಟೆಯ ಮೊದಲ ರೆಕಾರ್ಡ್ ಕೇಳಿ ಮೇಡಂ, "ಸರ್, ಅವ್ರು ಮಾತಾಡಿದ್ದು ಆರು ನಿಮಿಷ. ಉಳಿದಿದ್ದೆಲ್ಲ ನೀವೇ" ಅಂದರು. ಎರಡನೆಯದರಲ್ಲಿ ಕಷ್ಟ ಹೇಳಲು ಬಂದಾಕೆಯೇ "ಒಂದ್ನಿಮಿಷ ಸುಮ್ನಿರಿ ಅಣ್ಣ" ಅನ್ನಬೇಕಾಯಿತು. ಎರಡಕ್ಕೂ ಸಹಿ ಬೀಳಲಿಲ್ಲ. ಇನ್ನು ಉಳಿದದ್ದು ಒಂದೇ ವಾರ. ಶುಕ್ರವಾರ ಮೇಡಂಗೆ ಬೇರೆ ಊರಿಗೆ ವರ್ಗ. ಹೊಸ ಗೈಡ್ ಬಂದರೆ ನೂರು ಗಂಟೆಯೂ ಮೊದಲಿನಿಂದ.

ಮಂಗಳವಾರ ಒಬ್ಬ ಬಸ್ ಡ್ರೈವರ್ ಬಂದ. ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಕಾಲೇಜಿನ ಕೋಣೆಯಲ್ಲಿ ಎದುರುಬದುರು ಕುರ್ಚಿ, ನಡುವೆ ರೆಕಾರ್ಡರ್. ಇಪ್ಪತ್ತು ನಿಮಿಷ ಇಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ಬುದ್ಧಿಮಾತು ನಾಲಿಗೆಯ ತುದಿಗೇ ಬಂದಾಗ ಕ್ಷೌರಿಕ ಅದನ್ನು ನುಂಗಿಕೊಂಡು ಎದ್ದು ಕಿಟಕಿ ಹಾಕಿದ. ವಾಪಸು ಬರುವಾಗ ಕಾಲು ತಾನೇ ತಾನಾಗಿ ಡ್ರೈವರನ ಕುರ್ಚಿಯ ಹಿಂದೆ ನಿಂತಿತು. ಡ್ರೈವರ್ ತಲೆ ತಗ್ಗಿಸಿದ. ತಲೆ ಕೊಂಚ ವಾರೆಯಾಗಿತ್ತು. ಕ್ಷೌರಿಕನ ಎರಡು ಬೆರಳು ಯಾರನ್ನೂ ಕೇಳದೆ ಹೋಗಿ, ಕಿವಿಯ ಮೇಲೆ ಹಿಡಿದು ಅದನ್ನು ನೆಟ್ಟಗೆ ಮಾಡಿದವು.

"ಅವಳು ಹೋದ ದಿನಾನೂ ನಾನು ಡ್ಯೂಟಿಗೆ ಹೋದೆ" ಅಂದ ಡ್ರೈವರ್. ಮತ್ತೆ ನಿಲ್ಲಿಸಲಿಲ್ಲ. ಕ್ಷೌರಿಕ ಅವನ ಬೆನ್ನ ಹಿಂದೆಯೇ ನಿಂತು ಕೇಳಿದ. ಗಂಟೆ ಮುಗಿದಾಗ ಎದ್ದು, ಕಾಲರ್ ಕೊಡವಿಕೊಂಡು ಹೊರಟ.

ರೆಕಾರ್ಡಿನಲ್ಲಿ ಬೆರಳು ಕೇಳಿಸುವುದಿಲ್ಲ. ವರದಿಯಲ್ಲಿ ಬರೆಯದಿದ್ದರೆ ಯಾರಪ್ಪನ ಗಂಟೂ ಹೋಗುತ್ತಿರಲಿಲ್ಲ. ಆದರೆ ಬಾಯಿ ಮುಚ್ಚಿಕೊಂಡಿರುವ ವಿದ್ಯೆ ಅವನಿಗೆ ಒಂದೇ ಗಂಟೆಯ ಮಟ್ಟಿಗೆ ಬಂದಿತ್ತು. 'ತಲೆ ಮುಟ್ಟಿ ನೆಟ್ಟಗೆ ಮಾಡಿದೆ' ಎಂದು ಬರೆದುಬಿಟ್ಟ.

ಮೇಡಂ ಓದಿ ನಕ್ಕರು, ಆಮೇಲೆ ಗಂಭೀರರಾದರು. "ಸಹಿ ಹಾಕೋಕಾಗಲ್ಲ ಸರ್. ಗುರುವಾರ ಇನ್ನೊಂದು ಗಂಟೆ ಕೊಡ್ತೀನಿ. ಅವ್ರು ಬರ್ತಾರಾ, ಕೇಳಿ."

ಫೋನ್ ಮಾಡಿ ಕ್ಷೌರಿಕ ತಪ್ಪೊಪ್ಪಿಕೊಂಡ. "ಮುಟ್ಟಿದ್ರಾ? ನಂಗೆ ಗೊತ್ತೇ ಆಗ್ಲಿಲ್ವಲ್ಲ" ಅಂದ ಡ್ರೈವರ್.

ಗುರುವಾರ ಕ್ಷೌರಿಕ ಎರಡೂ ಅಂಗೈ ತೊಡೆಯಡಿಗೆ ಹಾಕಿಕೊಂಡು, ಶಾಲೆಯಲ್ಲಿ ಪೆಟ್ಟು ತಿಂದ ಹುಡುಗನಂತೆ ಕೂತಿದ್ದ. ಡ್ರೈವರ್ ಬಂದ, ಕೂತ, ಮತ್ತೆ ಎದ್ದ.

"ಬೇಜಾರು ಮಾಡ್ಕೋಬೇಡಿ ಅಣ್ಣ. ನಾನು ಜನಕ್ಕೆ ಬೆನ್ನು ಹಾಕಿ ದುಡಿದೋನು. ಎದುರಿಗೆ ಕೂತ್ರೆ ಮಾತು ಬರಲ್ಲ."

ತನ್ನ ಕುರ್ಚಿಯನ್ನೇ ಗೋಡೆಯ ಕಡೆಗೆ ತಿರುಗಿಸಿ ಕೂತು, ಹೆಂಡತಿ ಕಟ್ಟಿಕೊಡುತ್ತಿದ್ದ ಊಟದ ಡಬ್ಬಿಯ ಮಾತಿನಿಂದ ಶುರು ಮಾಡಿದ. ಕ್ಷೌರಿಕ ಆ ಬೆನ್ನನ್ನೇ ನೋಡುತ್ತ ಕೂತ. ಕುತ್ತಿಗೆಯ ಮೇಲಿನ ಕೂದಲು ಕತ್ತರಿ ಕಂಡು ತಿಂಗಳಾಗಿತ್ತು, ಅದನ್ನೂ ಹೇಳಲಿಲ್ಲ. ಅಂಗೈಗಳು ಜೋಮು ಹಿಡಿದವು.

ಸಂಜೆ ಮೇಡಂ ರೆಕಾರ್ಡ್ ಪೂರ್ತಿ ಕೇಳಿದರು. "ಇದೇನು, ಕುರ್ಚಿ ಎಳೆದ ಸದ್ದು?"

"ಅವ್ರೇ ತಿರುಗಿಸ್ಕೊಂಡ್ರು ಮೇಡಂ. ನಾನಂತೂ ಹೇಳ್ಲಿಲ್ಲ."

ಮೇಡಂ ನಿಯಮದ ಪುಸ್ತಕವನ್ನು ಎರಡು ಸಲ ತಿರುವಿ ಹಾಕಿದರು. ಕುರ್ಚಿ ಯಾವ ಕಡೆ ಮುಖ ಮಾಡಿರಬೇಕು ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಸಹಿ ಹಾಕಿದರು. ಮಾರನೆಯ ದಿನ, ಶುಕ್ರವಾರ, ಬೆಳಗಿನ ಹತ್ತರ ಬಸ್ಸಿಗೆ ಅವರು ಹೊರಟುಹೋದರು.