ನೂರಿಪ್ಪತ್ತೆಂಟು ಎಂಬಿಯ ಜಮಖಾನ

ಒಂದೇ ಒಂದು ಚೌಕ — ಸಫಾಯಿಯ ಸೇವಂತಿ ಅದನ್ನಷ್ಟೇ ಉಗುರು ಹಾಕಿ ಎಬ್ಬಿಸಿದಳು, ಆಫೀಸಿನ ನೆಲಹಾಸಿನಲ್ಲಿ ಚಹಾ ಚೆಲ್ಲಿದ್ದ ಚೌಕ, ಉಳಿದವು ಅಲ್ಲಾಡಲಿಲ್ಲ, ಪಕ್ಕದಲ್ಲೇ ಕೂತಿದ್ದ ಸೌಮ್ಯಾ ಕಾಲು ಕೂಡ ಎತ್ತಬೇಕಾಗಲಿಲ್ಲ, ವಿಲೆ ಪಾರ್ಲೆಯ ಕಿಟಕಿಯಾಚೆ ಇನ್ನೊಂದು ವಿಮಾನ ಇಳಿಯಿತು, ಗಾಜು ನಡುಗಿತು, ಎಷ್ಟು ಸಲೀಸು ನೋಡು, ಅವ್ವನಿಗೆ ಇದು ಮೊದಲೇ ಹೊಳೆದಿದ್ದರೆ — ಬೇಡ, ಈಗ ಅದು ಬೇಡ, ಈಗ ಮೆಮೊರಿಯ ಬ್ಲಾಕು, ನಾಲ್ಕು ಗಂಟೆಗೆ ಗಿರಾಕಿ ಬರುತ್ತಾನೆ, ಅವನೆದುರು ಇವಳು ಬರೆದ ಡ್ರೈವರ್ ಪ್ರೋಗ್ರಾಂ ಓಡಬೇಕು, ಅದರ ಕೆಲಸವೆಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಓಡುವ ಇನ್ನೊಂದು ಕಂಪ್ಯೂಟರಿಗೆ ಬೇಕಾದಾಗ ಮೆಮೊರಿ ಕೊಡುವುದು, ಸಾಕಾದಾಗ ಅದನ್ನು ನಿಲ್ಲಿಸದೆಯೇ ವಾಪಸು ಪಡೆಯುವುದು, ಕೊಡುವಾಗ ಎಲ್ಲ ಸುಸೂತ್ರ, ಪಡೆಯುವಾಗಲೇ ಪೇಚಾಟ, ಏಕೆಂದರೆ ಹಾಸುವುದೂ ಸುತ್ತುವುದೂ ನೂರಿಪ್ಪತ್ತೆಂಟು ಎಂಬಿಯ ಇಡೀ ಬ್ಲಾಕನ್ನೇ, ಅದರ ಮೂಲೆಯಲ್ಲಿ ನಾಲ್ಕು ಕೆಬಿಯ ಒಂದು ಚೂರು ಕದಲದೆ ಕೂತರೂ ಬ್ಲಾಕು ಪೂರ್ತಿ ಅಲ್ಲೇ. ಬೆಳಗಿನಿಂದ ಕೂತಿದೆ. ಅಷ್ಟು ಸಣ್ಣದಕ್ಕೆ ಎಂತ ಯೋಚನೆ ಮಾರಾಯ್ತಿ, ಎಳೆದು ತೆಗಿ, ಡೆಮೊ ಒಂದು ಮುಗಿಯಲಿ, ಕಿಶೋರ ಹೇಳಿ ಹೋದ, ಇವಳ ಮೇಲಿನವನು, ಉಡುಪಿ ಕಡೆಯವನು, ಕೆಟ್ಟವನೇನಲ್ಲ, ಎಳೆಯುವ ಕೋಡಿನ ಸಾಲನ್ನು ಬರೆದೂ ಆಗಿದೆ, ಹತ್ತರಲ್ಲಿ ಒಂಬತ್ತು ಸಲ ಏನೂ ಆಗುವುದಿಲ್ಲ, ಹತ್ತನೆಯ ಸಲ ಆ ಚೂರನ್ನು ನಂಬಿ ನಡೆಯುತ್ತಿದ್ದ ಇಡೀ ಯಂತ್ರ ಕವುಚಿ ಬೀಳುತ್ತದೆ, ಮುಂದೆಂದೋ, ಗಿರಾಕಿಯ ಕಡೆ, ಕಳಿಸುವ ಗುಂಡಿಯ ಮೇಲೆ ಬೆರಳಿದೆ, ಕಣ್ಣ ಮುಂದೆ ಒಂದು ಹಿಮ್ಮಡಿ.

ಬಿರುಕು ಬಿಟ್ಟ ಹಿಮ್ಮಡಿ, ಬಿರುಕಿನಲ್ಲಿ ಸಿಮೆಂಟು. ಗದಿಗೆಪ್ಪ ಕಾಕಾ, ಅಪ್ಪನ ಚಿಕ್ಕಪ್ಪನ ಮಗ, ವಿಜಯಪುರದಿಂದ ಟ್ರಂಕು ಹೊತ್ತು ಬಂದು ಆಂಟಾಪ್ ಹಿಲ್ಲಿನ ಅವರ ಒಂದೇ ಖೋಲಿಯಲ್ಲಿ ಉಳಿದವನು, ರಾತ್ರಿಯೆಲ್ಲ ಸ್ಲ್ಯಾಬ್ ಹಾಕಿ ಬೆಳಗ್ಗೆ ಬಂದು ಜಮಖಾನದ ಮೂಲೆಯಲ್ಲಿ ಮುದುಡಿಕೊಳ್ಳುವನು, ಅವ್ವ ಬಸಲಿಂಗವ್ವನ ತವರಿನ ಜಮಖಾನ, ಕೆಂಪು ನೀಲಿ ಪಟ್ಟೆ, ಗೋಡೆಯಿಂದ ಗೋಡೆಗೆ, ಅದನ್ನು ಸುತ್ತದಿದ್ದರೆ ರೊಟ್ಟಿ ಬಡಿಯಲೂ ಜಾಗವಿಲ್ಲ, ಆದರೂ ದುಡದ ಬಂದ ಮೈ, ಎಬ್ಬಸಬ್ಯಾಡ್ರಿ, ಅನ್ನುವಳು, ಅಪ್ಪ ಗ್ಯಾಲರಿಯಲ್ಲಿ ನಿಂತೇ ಚಹಾ ಕುಡಿಯುವನು, ಕತ್ತರಿಸಿ ನಾಲ್ಕು ತುಂಡು ಮಾಡು ಎಂದರೆ ಅವ್ವ ಮೂರು ದಿನ ಮಾತು ಬಿಡುವಳು, ಎಂಥ ಇಕ್ಕಟ್ಟು, ಎಂಥ ಸುಖ, ಬಾಗಿಲಲ್ಲಿ ಸಾಲಾಗಿ ಕೂತು ತಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಈಗಲೂ ಬಾಯಲ್ಲಿ ನೀರೂರುತ್ತದೆ, ಕಣ್ಣಲ್ಲೂ. ಸೌಮ್ಯಾ ಆಗ ಏಳನೆಯ ಕ್ಲಾಸು, ಡ್ರಾಯಿಂಗ್ ಪರೀಕ್ಷೆಗೆ ಎರಡೇ ದಿನ, ಹಾಳೆ ಹರಡಲು ನೆಲ ಬೇಕು, ಅವ್ವ ಭಾಜಿ ತರಲು ಹೋಗಿದ್ದಾಳೆ, ಇಷ್ಟು ದೊಡ್ಡ ಜಮಖಾನಕ್ಕೆ ಒಬ್ಬನೇ ಮನುಷ್ಯ, ಅದೂ ಮೂಲೆಯಲ್ಲಿ, ಅಷ್ಟು ಸಣ್ಣದಕ್ಕೆ ಎಂತ ಯೋಚನೆ — ಎಳೆದಳು, ಎರಡೂ ಕೈಯಿಂದ. ಕಾಕಾ ಬರಿ ನೆಲಕ್ಕೆ ಉರುಳಿ ಎದ್ದು ಕೂತ, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ನನ್ನಿಂದ ನಿಮಗ ಜಾಗಾ ಸಾಲವಲ್ದು ನೋಡವ್ವಾ, ಎಂದ, ಫ್ಯಾನಿಗೆ ಹಾರುತ್ತಿದ್ದ ಹಾಳೆಯ ತುದಿಗೆ ತನ್ನ ಊಟದ ಡಬ್ಬಿ ಇಟ್ಟ, ಟ್ರಂಕು ಹೊತ್ತು ಇಳಿದು ಹೋದ, ಡಬ್ಬಿ ಅಲ್ಲೇ ಉಳಿಯಿತು. ಪುಣೆ ಕಡೆ ಯಾವುದೋ ಸೈಟು ಎಂದರು ಯಾರೋ, ಅಷ್ಟೇ ಸುದ್ದಿ, ಇಪ್ಪತ್ತೆರಡು ವರ್ಷ. ಮರುದಿನ ಅವ್ವ ಕತ್ತರಿ ಹಿಡಿದಳು, ಆರು ತುಂಡು, ಒಂದೊಂದಕ್ಕೂ ಅಂಚು ಹೊಲಿದಳು, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು, ದಿನಾ ಬೆಳಗ್ಗೆ ಐದನ್ನು ಸುತ್ತುವಳು, ಮೂಲೆಯದೊಂದು ಹಾಸಿಯೇ ಇರುವುದು.

ತುಂಡು ಮಾಡಬಹುದು, ಬ್ಲಾಕನ್ನೂ, ಎರಡೆರಡು ಎಂಬಿಯಾಗಿ, ಕದಲದ ಚೂರಿರುವ ತುಂಡನ್ನು ಹಾಸಿಯೇ ಬಿಟ್ಟು ಉಳಿದದ್ದನ್ನು ವಾಪಸು ಪಡೆಯುವುದು, ಪ್ರತಿ ತುಂಡಿಗೂ ಗುರುತು ಇಟ್ಟುಕೊಳ್ಳಬೇಕು, ಹತ್ತು ದಿನದ ಕೆಲಸ, ಇವತ್ತು ಡೆಮೊ ಇಲ್ಲ, ಈ ವರ್ಷ ಪ್ರಮೋಷನ್ನೂ ಇಲ್ಲ, ಇರಲಿ — ಎಳೆಯುವ ಸಾಲನ್ನು ಅಳಿಸಿದಳು, ಕಿಶೋರನಿಗೆ ಬರೆದಳು, ಎಳೆಯುವುದಿಲ್ಲ, ಹತ್ತು ದಿನ ಕೊಡಿ, ಕಳಿಸಿಯೂ ಬಿಟ್ಟಳು, ಸೇವಂತಿ ಹೊಸ ಚೌಕ ಕೂರಿಸಿ ಅಂಗೈಯಿಂದ ತಟ್ಟುತ್ತಿದ್ದಾಳೆ, ಈಗ ಬಂದರೆ ಜಾಗ ಇದೆ ಕಾಕಾ, ನಿನ್ನ ತುಂಡು ಹಾಸಿಯೇ ಇದೆ, ಡಬ್ಬಿಯೂ ಇದೆ, ಆದರೆ ಅಂದು ಎಳೆದ ಜಮಖಾನದ ಪಟ್ಟೆಗಳು ಕಣ್ಣ ಮುಂದೆ ಸರಿಯುತ್ತಲೇ ಇವೆ, ಕೆಂಪು, ನೀಲಿ, ಕೆಂಪು, ಆಮೇಲೆ ಬರಿ ನೆಲ, ಬರಿ ನೆಲದ ಮೇಲೆ ಒಂದು ಹಿಮ್ಮಡಿ, ಬಿರುಕಿನಲ್ಲಿ ಸಿಮೆಂಟು —