ಪೂನಂಳ ಪಾಠಗಳು ಅಳಿಸಿಹೋದ ದಿನ

ಕಂಪ್ಯೂಟರ್ ಇಟ್ಟುಕೊಂಡವರಿಗೆಲ್ಲ ಈ ತೊಂದರೆ ಗೊತ್ತು. ಬೇಡವಾದ ಫೋಲ್ಡರ್ ಒಂದನ್ನು ಅಳಿಸಲು ಹೋಗುತ್ತೇವೆ. ಆಗುವುದಿಲ್ಲ ಎಂದು ಒಂದು ಸಂದೇಶ ಬರುತ್ತದೆ. ಮತ್ತೆ ಒತ್ತಿದರೆ ಮತ್ತೆ ಅದೇ. ಬಸವಕಲ್ಯಾಣದ ಪಂಡರಿಗೂ 2007ರ ಚಳಿಗಾಲದಲ್ಲಿ ಹೀಗೇ ಆಯಿತು.

ಪಂಡರಿಯದು ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿ. ಅವನ ಅಣ್ಣನ ಮಗಳು ಪೂನಂಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಆ ವರ್ಷ ಅವಳು ಎರಡನೇ ಪಿಯುಸಿ. ಓಣಿಯಲ್ಲೇ ಇದ್ದ ನಿವೃತ್ತ ಶಿಕ್ಷಕಿ ವಿದ್ಯಾವತಿಯವರು ಅಂಗಡಿಗೆ ಬಂದು, ಮೈಕಿನ ಮುಂದೆ ಕುಳಿತು, ಇತಿಹಾಸ ಮತ್ತು ರಾಜ್ಯಶಾಸ್ತ್ರದ ಪಾಠಗಳನ್ನು ಅವಳಿಗಾಗಿ ಓದಿ ಧ್ವನಿಮುದ್ರಿಸಿದ್ದರು. ದೀಪಾವಳಿ ಕಳೆದ ಮೇಲೆ ಅವರ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು. ಪಿಸುಮಾತಿಗಿಂತ ಜೋರಾಗಿ ಮಾತಾಡಲು ಅವರಿಗೆ ಆಗುತ್ತಿರಲಿಲ್ಲ. ಪೂನಂ ಕಾಲೇಜು ಬಿಟ್ಟ ಮೇಲೆ ಅಂಗಡಿಗೆ ಬಂದು, ಹೆಡ್‌ಫೋನ್ ಹಾಕಿಕೊಂಡು, ಆ ಧ್ವನಿಯಿಂದಲೇ ಓದಿಕೊಳ್ಳುತ್ತಿದ್ದಳು.

ಪಾಠಗಳಿದ್ದ ಫೋಲ್ಡರ್‌ಗೆ ‘ಪೂನಂ’ ಎಂದು ಹೆಸರು. ಮೊದಮೊದಲು ಬಸ್ಸಿನ ಹಾರ್ನ್ ಸೇರಿ ಕೆಟ್ಟುಹೋಗಿದ್ದ ಧ್ವನಿಮುದ್ರಣಗಳು ‘ಪೂನಂ ಹಳೇದು’ ಎಂಬ ಇನ್ನೊಂದು ಫೋಲ್ಡರ್‌ನಲ್ಲಿ ಉಳಿದಿದ್ದವು. ಪಾಠಗಳನ್ನು ಒಂದು ಸಿಡಿಗೆ ಹಾಕಿಡು ಎಂದು ಪೂನಂಳ ತಾಯಿ ಕಸ್ತೂರಿಬಾಯಿ ಹೇಳುತ್ತಲೇ ಇದ್ದರು. ನಾಳೆ ಮಾಡೋಣ ಎಂದು ಪಂಡರಿ ಅನ್ನುತ್ತಲೇ ಇದ್ದ.

ಕಂಪ್ಯೂಟರಿನಲ್ಲಿ ಜಾಗ ತುಂಬಿತು. ಹಳೆಯದನ್ನು ಅಳಿಸಲು ಪಂಡರಿ ಹೋದರೆ ಆ ಸಂದೇಶ ಬಂತು. ಅವನು ಗೊಣಗುವುದನ್ನು ಕೇಳಿ, ಆಗಷ್ಟೇ ಒಂದು ಪಾಠ ಮುಗಿಸಿದ್ದ ಪೂನಂ ಹೆಡ್‌ಫೋನ್ ತೆಗೆದಳು.

“ಏನ್ ಬರದದ, ಓದಿ ಹೇಳ್ರಿ ಕಾಕಾ.”

“ಇಂಗ್ಲಿಷಿನಾಗ ಏನೋ ಅದ. ಅಂಗಡಿ ನಂದು, ಕಂಪ್ಯೂಟರ್ ನಂದು. ನಂಗ ಬ್ಯಾಡ ಅನ್ನಾಕ ಇದ್ಯಾರು?”

ಹುಮನಾಬಾದಿನ ಮಹಜಬೀನ್ ಮೇಡಂಗೆ ಒಂದು ಫೋನ್ ಮಾಡಿ ಕೇಳಿರಿ ಎಂದು ಪೂನಂ ಹೇಳಿದಳು. ಪಂಡರಿಗೆ ಕಂಪ್ಯೂಟರ್ ಕಲಿಸಿದವರೇ ಅವರು. ಇಷ್ಟಕ್ಕೆಲ್ಲ ಅವರನ್ನು ಕಾಡುವುದು ಬೇಡ ಎಂದ ಪಂಡರಿ. ಪರಿಚಯದವನೊಬ್ಬ ಪೆನ್ ಡ್ರೈವ್‌ನಲ್ಲಿ ಕೊಟ್ಟಿದ್ದ ಒಂದು ಸ್ಕ್ರಿಪ್ಟ್ ಅವನ ಬಳಿ ಇತ್ತು. ಸ್ಕ್ರಿಪ್ಟ್ ಎಂದರೆ ಕಂಪ್ಯೂಟರಿಗೆ ಕೊಡುವ ಆದೇಶಗಳನ್ನು ಸಾಲಾಗಿ ಬರೆದಿಟ್ಟ ಸಣ್ಣ ಫೈಲು. ಬೀಗ ಬಿದ್ದ ಫೋಲ್ಡರನ್ನೂ ಇದು ಜಬರ್ದಸ್ತಿಯಿಂದ ಅಳಿಸುತ್ತದೆ ಎಂದು ಕೊಟ್ಟವನು ಹೇಳಿದ್ದ. ಒಳಗೆ ಏನು ಬರೆದಿದೆ ಎಂದು ಪಂಡರಿ ತೆರೆದು ನೋಡಲಿಲ್ಲ. ಸ್ಕ್ರಿಪ್ಟ್ ಫೋಲ್ಡರ್‌ನ ಹೆಸರು ಕೇಳಿತು. ‘ಪೂನಂ ಹಳೇದು’ ಎಂದು ಟೈಪ್ ಮಾಡಿದ. ಕಪ್ಪು ಪರದೆಯೊಂದು ಬಂದು ಹೋಯಿತು. ಕೆಲಸವಾಯಿತು ಎಂದುಕೊಂಡು ಅವನು ಗಿರಾಕಿಗಳ ಕಡೆ ತಿರುಗಿದ.

ಸ್ವಲ್ಪ ಹೊತ್ತಿಗೆ ಪೂನಂ ಮುಂದಿನ ಪಾಠ ಹಚ್ಚಿಕೊಡಿ ಎಂದಳು. ಪಂಡರಿ ಹುಡುಕಿದ. ಹಳೆಯ ಫೋಲ್ಡರ್ ಇದ್ದಲ್ಲೇ ಇತ್ತು. ‘ಪೂನಂ’ ಇರಲಿಲ್ಲ. ರಿಸೈಕಲ್ ಬಿನ್ನಿನಲ್ಲೂ ಇರಲಿಲ್ಲ. ಅವನು ಮೌಸನ್ನು ಮತ್ತೆ ಮತ್ತೆ ಒತ್ತತೊಡಗಿದ. ಆ ಸದ್ದಿನಿಂದಲೇ ಪೂನಂಗೆ ಗೊತ್ತಾಯಿತು.

“ಹೋತೇನ್ರಿ, ಕಾಕಾ?” ಎಂದಳು. ಅಳಲಿಲ್ಲ. ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಳು.

ಪಂಡರಿ ಈಗ ಫೋನ್ ಮಾಡಿದ. ಮಹಜಬೀನ್ ಬೈಯಲಿಲ್ಲ. ಕಂಪ್ಯೂಟರನ್ನು ಈಗಲೇ ಬಂದ್ ಮಾಡಿ, ಅದರಲ್ಲಿ ಹೊಸದೇನನ್ನೂ ಉಳಿಸಬೇಡಿ, ಹಾಗೇ ತನ್ನಿ ಎಂದರು. ಅಳಿಸಿದ್ದು ತಕ್ಷಣ ಪೂರ್ತಿ ಹೋಗುವುದಿಲ್ಲ, ಅದರ ಮೇಲೆ ಬೇರೆಯದು ಬಂದು ಕೂತರೆ ಮಾತ್ರ ಸಿಗುವುದು ಕಷ್ಟ ಎಂದು ತಿಳಿಸಿದರು. ಪಂಡರಿ, ಕಸ್ತೂರಿಬಾಯಿ, ಪೂನಂ ಮೂವರೂ ಹುಮನಾಬಾದಿನ ಬಸ್ ಹತ್ತಿದರು. ಚಾದರದಲ್ಲಿ ಸುತ್ತಿದ ಸಿಪಿಯುವನ್ನು ಪೂನಂ ತನ್ನ ತೊಡೆಯ ಮೇಲೇ ಇಟ್ಟುಕೊಂಡಳು. ಯಾರಿಗೂ ಕೊಡಲಿಲ್ಲ.

ಮಹಜಬೀನ್ ಅದರ ಹಾರ್ಡ್ ಡಿಸ್ಕ್ ತೆಗೆದು ತಮ್ಮ ಕಂಪ್ಯೂಟರಿಗೆ ಜೋಡಿಸಿ, ಅಳಿಸಿದ್ದನ್ನು ಹುಡುಕುವ ತಂತ್ರಾಂಶ ಹಚ್ಚಿದರು. ಅದು ಹುಡುಕುತ್ತಿರುವಾಗ ಆ ಸ್ಕ್ರಿಪ್ಟನ್ನು ತೆರೆದು ಪಂಡರಿಗೆ ತೋರಿಸಿದರು.

“ನಿಮ್ಮ ಫೋಲ್ಡರಿನ ಹೆಸರಿನಾಗ ನಡುವೆ ಖಾಲಿ ಜಾಗ ಅದ, ಪಂಡರಿ ಭಾಯಿ. ಹೆಸರಿನ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಬೇಕಿತ್ತು. ಇದನ್ನ ಬರದಾಂವ ಹಾಕಿಲ್ಲ. ಅದಕ್ಕ ಕಂಪ್ಯೂಟರ್ ‘ಪೂನಂ’ ಬ್ಯಾರೆ, ‘ಹಳೇದು’ ಬ್ಯಾರೆ ಅಂತ ತಿಳೀತು. ‘ಪೂನಂ’ ಸಿಕ್ತು, ಅಳಿಸಿಬಿಡ್ತು. ‘ಹಳೇದು’ ಅನ್ನೋದು ಸಿಗಲೇ ಇಲ್ಲ.”

ಪಂಡರಿಗೆ ಇನ್ನೂ ಒಂದು ಅನುಮಾನವಿತ್ತು. “ಮೊದಲಿಗೇ ಅದು ಅಳಿಸಾಕ ಬಿಟ್ಟಿದ್ರ ಇದೆಲ್ಲ ಯಾಕ ಆಗ್ತಿತ್ತು, ಮೇಡಂ?”

ಆಗ ಬಂದ ಸಂದೇಶ ಏನೆಂದು ಅವರು ಕೇಳಿದರು. ಅವನಿಗೆ ನೆನಪಿರಲಿಲ್ಲ, ಓದಿಯೇ ಇರಲಿಲ್ಲ. ಆ ಫೋಲ್ಡರ್‌ನ ಒಂದು ಫೈಲು ಬೇರೆ ಕಡೆ ತೆರೆದಿದೆ, ಮೊದಲು ಅದನ್ನು ಮುಚ್ಚಿ ಎಂದಷ್ಟೇ ಅದರಲ್ಲಿ ಇದ್ದಿರಬೇಕು ಎಂದು ಮಹಜಬೀನ್ ಹೇಳಿದರು. ಪಂಡರಿ ಯೋಚಿಸಿದ. ಆ ದಿನ ಬೆಳಿಗ್ಗೆ ಹಳೆಯ ಧ್ವನಿ ಒಂದನ್ನು ಅವನೇ ಹಚ್ಚಿ ನೋಡಿದ್ದ. ಅದನ್ನು ಮುಚ್ಚದೆ, ಮಿನಿಮೈಸ್ ಮಾಡಿ ಪರದೆಯ ಕೆಳಗೆ ಇಳಿಸಿಬಿಟ್ಟಿದ್ದ.

“ಹಂಗಾದ್ರ ಸ್ಕ್ರಿಪ್ಟೇ ಬ್ಯಾಡೇನ್ರಿ?” ಎಂದು ಕಸ್ತೂರಿಬಾಯಿ ಕೇಳಿದರು.

ಬೇಡವೆಂದಲ್ಲ ಎಂದರು ಮಹಜಬೀನ್. ಎಲ್ಲ ಮುಚ್ಚಿ, ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಶುರು ಮಾಡಿದರೆ ಬಹಳ ಸಲ ಬೀಗ ತಾನೇ ಬಿಡುತ್ತದೆ. ಅದಕ್ಕೂ ಬಿಡದಿದ್ದರೆ ಸ್ಕ್ರಿಪ್ಟ್ ಬೇಕಾಗಬಹುದು. ಆದರೆ ಮೊದಲು ಮುಖ್ಯವಾದ ಫೈಲುಗಳ ಪ್ರತಿ ತೆಗೆದಿಡಬೇಕು, ಸ್ಕ್ರಿಪ್ಟಿನ ಪ್ರತಿ ಸಾಲನ್ನೂ ಓದಬೇಕು, ಕೆಲಸಕ್ಕೆ ಬಾರದ ಒಂದು ಖಾಲಿ ಫೋಲ್ಡರ್‌ ಮೇಲೆ ನಡೆಸಿ ನೋಡಬೇಕು. ತಿಳಿಯದಿದ್ದರೆ ತಿಳಿದವರನ್ನು ಕೇಳಬೇಕು. “ಸ್ಕ್ರಿಪ್ಟಿಗ ತನ್ನ ತಲಿ ಇಲ್ಲ, ಅಕ್ಕಾ. ನಾವು ಹೇಳಿದ್ದಷ್ಟೇ ಮಾಡ್ತದ.”

ಸಂಜೆಯ ಹೊತ್ತಿಗೆ ಇತಿಹಾಸದ ಪಾಠಗಳೆಲ್ಲ ಸಿಕ್ಕವು. ವಿದ್ಯಾವತಿಯವರ ಧ್ವನಿ ಕೋಣೆಯಲ್ಲಿ ಕೇಳಿದಾಗ ಪೂನಂ ಅತ್ತಳು. ರಾಜ್ಯಶಾಸ್ತ್ರದ ಕೊನೆಯ ಕೆಲವು ಪಾಠಗಳು ಮಾತ್ರ ಸಿಗಲೇ ಇಲ್ಲ. ಸಿಕ್ಕಷ್ಟನ್ನು ಮಹಜಬೀನ್ ಎರಡು ಸಿಡಿಗೆ ಹಾಕಿಕೊಟ್ಟರು. ಕಸ್ತೂರಿಬಾಯಿ ಒಂದನ್ನು ಮನೆಯ ಅಲಮಾರಿಯಲ್ಲಿಟ್ಟರು, ಇನ್ನೊಂದನ್ನು ವಿದ್ಯಾವತಿಯವರಿಗೆ ಕೊಟ್ಟರು.

ಮರುದಿನದಿಂದ ಮಧ್ಯಾಹ್ನ ಪಂಡರಿ ಅಂಗಡಿಯ ಬಾಗಿಲು ಮುಂದೆ ಮಾಡಿ, ಪುಸ್ತಕ ಹಿಡಿದು ಮೈಕಿನ ಮುಂದೆ ಕೂರತೊಡಗಿದ. ಕಳೆದುಹೋದ ಪಾಠಗಳನ್ನು ತಾನೇ ಓದಿದ. ವಿದ್ಯಾವತಿಯವರು ಪಕ್ಕದಲ್ಲಿ ಕುಳಿತು, ತಪ್ಪಿದಲ್ಲಿ ಅವನ ಮೊಣಕೈ ಮುಟ್ಟುತ್ತಿದ್ದರು.

“ಪೂರ್ಣವಿರಾಮಕ್ಕ ಜರಾ ನಿಂದ್ರಿ, ಕಾಕಾ,” ಎಂದಳು ಪೂನಂ ನಗುತ್ತ. “ಓಡಾಕತ್ತೀರಿ.”

ಪಂಡರಿ ಹಿಂದಿನ ಸಾಲಿಗೆ ಹೋಗಿ, ನಿಧಾನವಾಗಿ, ಮತ್ತೆ ಓದಿದ.

ಓದುಗರೇ, ನಿಮ್ಮ ಕಂಪ್ಯೂಟರಿನಲ್ಲೂ ಮದುವೆಯ ಫೋಟೊಗಳಿರಬಹುದು, ಮಕ್ಕಳ ಪಾಠವಿರಬಹುದು, ಈಗ ಇಲ್ಲದವರ ಧ್ವನಿಯೂ ಇರಬಹುದು. ಒಂದು ಫೈಲು ಅಳಿಸಲು ಬಿಡದಿದ್ದರೆ ಅದರ ಮೇಲೆ ಸಿಟ್ಟಾಗಬೇಡಿ. ಏನು ಹೇಳುತ್ತಿದೆ ಎಂದು ಜೋರಾಗಿ ಓದಿ. ಮುಖ್ಯವಾದವುಗಳ ಒಂದು ಪ್ರತಿಯನ್ನು ಬೇರೆ ಕಡೆ ಇಡಿ, ಇವತ್ತೇ ಇಡಿ. ಕೈತಪ್ಪಿ ಅಳಿಸಿಹೋದರೆ ಕಂಪ್ಯೂಟರ್ ಬಂದ್ ಮಾಡಿ ತಿಳಿದವರ ಬಳಿ ಒಯ್ಯಿರಿ. ಯಾರೋ ಕೊಟ್ಟ ಸ್ಕ್ರಿಪ್ಟನ್ನು ಒಳಗೇನಿದೆ ಎಂದು ನೋಡದೆ ನಡೆಸಬೇಡಿ.